ಕಾಯುವ ಪಟ್ಟಿಯಲ್ಲಿ ಒಂದು ಹೆಸರು

ಗದಗ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇರುವುದು ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಲ್ಲಿ. ಇದೇ ಜಿಲ್ಲೆಯ ಜಕ್ಕಲಿಯ ಐದನೇ ತರಗತಿ ಮಗುವಿಗೆ ಅಲ್ಲಿನ ಆರನೇ ತರಗತಿ ಸೇರಲು ದಾರಿ ಒಂದೇ: 80 ಪ್ರಶ್ನೆ, 100 ಅಂಕ, 2 ತಾಸಿನ ಪರೀಕ್ಷೆ. ಸೀಟು ಹೆಚ್ಚೆಂದರೆ 80. ಕನಿಷ್ಠ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ ಎನ್ನುವುದೇ ಸಮಾಧಾನ.

ಫಲಿತಾಂಶ ಬಂದಾಗ ಆಯ್ಕೆ ಪಟ್ಟಿಯಲ್ಲಿ ಮಗುವಿನ ಹೆಸರಿಲ್ಲ, ಕಾಯುವ ಪಟ್ಟಿಯಲ್ಲಿದೆ. ಮನೆಯವರ ಸಂಕಟ ಶುರುವಾಗುವುದೇ ಇಲ್ಲಿ.

ಆಯ್ಕೆಯಾದವರು ಸೇರದಿದ್ದರೆ, ದಾಖಲೆ ತಾಳೆಯಾಗದಿದ್ದರೆ ಸೀಟು ಖಾಲಿಯಾಗುತ್ತದೆ. ಅದನ್ನೂ ಮೀಸಲಾತಿಯ ವರ್ಗ ನೋಡಿಯೇ ತುಂಬುತ್ತಾರೆ. ಹೀಗಾಗಿ ಪಕ್ಕದ ಮನೆ ಹುಡುಗನಿಗೆ ಕರೆ ಬಂತು, ನಮಗೂ ಬಂದೀತು ಎಂಬ ಕಟ್ಟೆಯ ಮೇಲಿನ ಲೆಕ್ಕ ನಡೆಯುವುದಿಲ್ಲ. ತಿಳಿದ ಪಾಲಕರು ಜಾತಿ, ವಾಸಸ್ಥಳ, ವ್ಯಾಸಂಗದ ಪ್ರಮಾಣಪತ್ರಗಳನ್ನು ತೆಗೆದಿಟ್ಟು, ಮಗುವನ್ನು ಊರ ಶಾಲೆಗೆ ಎಂದಿನಂತೆ ಕಳಿಸುತ್ತಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪರೀಕ್ಷೆಯನ್ನೂ ಬರೆಸಿರುತ್ತಾರೆ.

ಆರನೇ ತರಗತಿಯ ನವೋದಯ ಪರೀಕ್ಷೆಯನ್ನು ಎರಡನೇ ಸಲ ಬರೆಯುವಂತಿಲ್ಲ, ನಿಜ. ಆದರೆ ಎಂಟನೇ ತರಗತಿ ಓದುವಾಗ, ಒಂಬತ್ತರಲ್ಲಿ ಖಾಲಿ ಉಳಿದ ಸೀಟುಗಳಿಗೆ ಇನ್ನೊಂದು ಪರೀಕ್ಷೆ ಇರುತ್ತದೆ. ಅತ್ತು ಮಲಗಿದ ಮಗುವಿಗೆ ಈ ಮಾತನ್ನು ಹೇಳುವವರೇ ಕಡಿಮೆ.