ನಿವೃತ್ತರ ಊರು: ಲಾಭವೆಷ್ಟು, ನಷ್ಟವೆಷ್ಟು?

(ನಿವೃತ್ತ ನೌಕರರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ನಿಮ್ಮೆದುರು ನಿಂತು ಮುಪ್ಪಿನ ಬಗ್ಗೆ ಮಾತನಾಡುವುದು ನನ್ನಂಥವನಿಗೆ ಅಧಿಕಪ್ರಸಂಗವೇ ಸರಿ. ನನಗಿನ್ನೂ ಮೂವತ್ತು ತುಂಬಿಲ್ಲ. ಮಂಡಿನೋವು ಎಂದರೆ ಏನೆಂದು ಗೊತ್ತಿಲ್ಲ. ಆದರೂ ಈ ವಿಷಯ ಆರಿಸಿಕೊಂಡಿದ್ದಕ್ಕೆ ಎರಡು ಕಾರಣಗಳಿವೆ. ಒಂದು, ನಾನು ದುಡಿಯುವ ಪತ್ರಿಕೆಯ ಪುಟಗಳಲ್ಲೇ ಕಾಣಿಸಿಕೊಳ್ಳುವ ಜಾಹೀರಾತು. ಹಸಿರು ಹುಲ್ಲುಹಾಸು, ನಗುವ ಬೆಳ್ಳಿ ಕೂದಲಿನ ದಂಪತಿ, ಕೆಳಗೆ ‘ನಿವೃತ್ತರಿಗಾಗಿಯೇ ನಿರ್ಮಿಸಿದ ಬಡಾವಣೆ’ ಎಂಬ ಸಾಲು. ಇನ್ನೊಂದು, ನನ್ನ ದೊಡ್ಡಪ್ಪ ದೊಡ್ಡಮ್ಮ ಅಂಥದೇ ಒಂದು ಬಡಾವಣೆಗೆ ಹೋಗಿ ನೆಲೆಸಿದ್ದು. ಅಲ್ಲಿ ಕಂಡದ್ದನ್ನೂ, ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ. ತಪ್ಪಿದ್ದರೆ ತಿದ್ದಿ.

ದೊಡ್ಡಪ್ಪ ಶಿವಮೊಗ್ಗದಲ್ಲಿ ಸರ್ಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ದೊಡ್ಡಪ್ಪ ಎರಡು ತಿಂಗಳು ಹಾಸಿಗೆ ಹಿಡಿದರು. ಆಗ ಮಕ್ಕಳಿಬ್ಬರೂ ಫೋನಿನಲ್ಲೇ ಸೇರಿ ತೀರ್ಮಾನಿಸಿದರು. ಶಿವಮೊಗ್ಗದ ಮನೆ ಮಾರಿ, ಬೆಂಗಳೂರಿನ ಹೊರವಲಯದ ನಿವೃತ್ತರ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಕೊಂಡರು. ಅವರ ಕತೆಗೆ ಮತ್ತೆ ಬರುತ್ತೇನೆ. ಮೊದಲು ಈ ಏರ್ಪಾಡು ಎಲ್ಲಿಂದ ಬಂತು ಎಂಬುದನ್ನು ನೋಡೋಣ.

ವಯಸ್ಸಾದವರು ಮನೆ ಬಿಟ್ಟು ಹೋಗುವುದು ನಮಗೆ ತೀರ ಹೊಸತೇನಲ್ಲ. ಮೈ ಸುಕ್ಕಾಗಿ, ಕೂದಲು ನರೆತು, ಮಗನಿಗೆ ಮಗ ಹುಟ್ಟಿದ್ದನ್ನು ಕಂಡ ಗೃಹಸ್ಥ ಕಾಡಿಗೆ ಹೊರಡಬೇಕೆಂದು ಧರ್ಮಶಾಸ್ತ್ರಗಳು ಹೇಳಿದವು. ಎಷ್ಟು ಜನ ನಿಜವಾಗಿ ಹೊರಟರೋ, ಅದು ಬೇರೆ ಮಾತು. ಆದರೆ ಕೆಲಸದಿಂದ ನಿವೃತ್ತಿ, ಅದಕ್ಕೊಂದು ವಯಸ್ಸು, ಆಮೇಲೆ ತಿಂಗಳು ತಿಂಗಳು ಹಣ ಎಂಬ ವ್ಯವಸ್ಥೆ ಈಚಿನದು. ದುಡಿಯುವ ಜನರಿಗಾಗಿ ವೃದ್ಧಾಪ್ಯ ವಿಮೆಯ ಕಾನೂನನ್ನು ಜರ್ಮನಿ 1889ರಲ್ಲಿ ತಂದಿತು. ಆಗ ಬಿಸ್ಮಾರ್ಕ್ ಅಲ್ಲಿನ ಚಾನ್ಸಲರ್. ಪಿಂಚಣಿಗೆ ನಿಗದಿಯಾದ ವಯಸ್ಸು 70. ಅದು 65ಕ್ಕೆ ಇಳಿದದ್ದು 1916ರಲ್ಲಿ. ಅಮೆರಿಕದ ಸಾಮಾಜಿಕ ಭದ್ರತಾ ಕಾಯಿದೆ 1935ರದು.

ಜನ ಹೆಚ್ಚು ವರ್ಷ ಬದುಕತೊಡಗಿದಂತೆ ನಿವೃತ್ತಿಗೂ ಸಾವಿಗೂ ನಡುವೆ ಹತ್ತಿಪ್ಪತ್ತು ವರ್ಷಗಳ ಬಯಲೊಂದು ತೆರೆದುಕೊಂಡಿತು. ಕೈಯಲ್ಲಿ ಪಿಂಚಣಿ ಇದೆ, ಮಾಡಲು ಕೆಲಸವಿಲ್ಲ. ಈ ಬಯಲಿನಲ್ಲಿ ವ್ಯಾಪಾರ ಕಂಡವನು ಅಮೆರಿಕದ ಕಟ್ಟಡ ಗುತ್ತಿಗೆದಾರ ಡೆಲ್ ವೆಬ್. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಬಳಿ ಹೊಲಗಳ ನಡುವೆ ಅವನು ಕಟ್ಟಿದ ‘ಸನ್ ಸಿಟಿ’ 1960ರ ಜನವರಿ 1ರಂದು ಬಾಗಿಲು ತೆರೆಯಿತು. ಗಾಲ್ಫ್ ಮೈದಾನ, ಈಜುಕೊಳ, ಅಂಗಡಿ ಸಾಲು ಮೊದಲೇ ಸಿದ್ಧವಾಗಿದ್ದವು. ನೋಡಲು ಜನ ಮುಗಿಬಿದ್ದರು. 1962ರಲ್ಲಿ ‘ಟೈಮ್’ ಪತ್ರಿಕೆ ಅವನ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಮುಪ್ಪು ಎಂದರೆ ಮೂಲೆ ಸೇರುವುದಲ್ಲ, ಆಟವಾಡುವ ಕಾಲ ಎಂಬ ಭಾವನೆಯನ್ನು ಅವನು ಮಾರಿದ.

ಅದಕ್ಕೊಂದು ಷರತ್ತಿತ್ತು. ಅಲ್ಲಿ ಮಕ್ಕಳು ವಾಸಿಸುವಂತಿಲ್ಲ. ಸನ್ ಸಿಟಿಯ ಇಂದಿನ ನಿಯಮದಂತೆ ಪ್ರತಿ ಮನೆಯಲ್ಲೂ ಒಬ್ಬರಿಗಾದರೂ 55 ವರ್ಷವಾಗಿರಬೇಕು. 19ಕ್ಕಿಂತ ಕಿರಿಯರು ನೆಂಟರಾಗಿ ಬಂದು ಹೋಗಬಹುದು, ಕಾಯಂ ಆಗಿ ನಿಲ್ಲುವಂತಿಲ್ಲ. ಇದರ ಪರಿಣಾಮ ಬೇಗನೆ ಕಾಣಿಸಿತು. ಶಾಲೆ ಕಟ್ಟಲು ಸಾಲಪತ್ರ ಎತ್ತುವ ಪ್ರಸ್ತಾವ ಮತಕ್ಕೆ ಬಂದಾಗಲೆಲ್ಲ ಸನ್ ಸಿಟಿಯ ಹಿರಿಯರು ಅದನ್ನು ಸೋಲಿಸುತ್ತ ಬಂದರು. ಕೊನೆಗೆ 1970ರ ದಶಕದಲ್ಲಿ ಆ ಪ್ರದೇಶವನ್ನು ಶಾಲಾ ಜಿಲ್ಲೆಯಿಂದಲೇ ಬೇರ್ಪಡಿಸಲಾಯಿತು. ಪಕ್ಕದಲ್ಲೇ ‘ಯಂಗ್‌ಟೌನ್’ ಎಂಬ, 1954ರಲ್ಲಿ ಹುಟ್ಟಿದ ಇನ್ನೊಂದು ಹಿರಿಯರ ಊರಿದೆ. 1990ರ ದಶಕದ ಕೊನೆಯಲ್ಲಿ ಅಲ್ಲಿ ಅಜ್ಜ ಅಜ್ಜಿ ತಮ್ಮ ಹದಿಹರೆಯದ ಮೊಮ್ಮಗನನ್ನು ಮನೆಯಲ್ಲಿ ಇಟ್ಟುಕೊಂಡದ್ದೇ ತಪ್ಪಾಯಿತು. ಊರಿನ ಆಡಳಿತ ದಂಡ ಹಾಕಿತು. ಪ್ರಕರಣ ರಾಜ್ಯದ ಅಟಾರ್ನಿ ಜನರಲ್‌ವರೆಗೆ ಹೋಗಿ, ಊರಿನ ವಯಸ್ಸಿನ ನಿಯಮವೇ ಬಿದ್ದುಹೋಯಿತು. ಒಂದೇ ವಯಸ್ಸಿನವರ ಊರಿನ ಸುಖ ಎಲ್ಲಿ ಮುಗಿಯುತ್ತದೆ, ಅದರ ಬೇಲಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಈ ಎರಡು ಪ್ರಸಂಗಗಳು ತೋರಿಸುತ್ತವೆ.

ನಮ್ಮಲ್ಲಿಗೆ ಬನ್ನಿ. ಬೆಂಗಳೂರಿಗೆ ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರಿದ್ದ ಕಾಲವನ್ನು ನಿಮ್ಮಲ್ಲಿ ಹಲವರು ಕಂಡವರು. ಹಿತವಾದ ಹವೆ, ಮರಗಳ ನೆರಳು, ನಡೆದು ಹೋಗುವಷ್ಟು ದೂರದಲ್ಲಿ ಗುಡಿ, ಗ್ರಂಥಾಲಯ, ತರಕಾರಿ ಅಂಗಡಿ. ಮಲ್ಲೇಶ್ವರ, ಬಸವನಗುಡಿ, ಜಯನಗರಗಳಲ್ಲಿ ನಿವೃತ್ತರು ತುಂಬಿದ್ದರು. ಆದರೆ ಆ ಬಡಾವಣೆಗಳಲ್ಲಿ ಹಿರಿಯರ ಪಕ್ಕದಲ್ಲೇ ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ಅದೇ ನಗರದ ಹೊರವಲಯದಲ್ಲಿ ಈಗ ಗೋಡೆ ಕಟ್ಟಿದ ನಿವೃತ್ತರ ಬಡಾವಣೆಗಳು ಎದ್ದಿವೆ. ಕೊಯಮತ್ತೂರು, ಪುಣೆ, ಚೆನ್ನೈಗಳ ಸುತ್ತಲೂ ಇವೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಕರ್ನಾಟಕದಲ್ಲಿ ಸುಮಾರು 58 ಲಕ್ಷ. ಮಕ್ಕಳು ದೂರ ಹೋದ ಮನೆಗಳು ಹೆಚ್ಚಿದಂತೆ ಇಂಥ ಬಡಾವಣೆಗಳಿಗೂ ಬೇಡಿಕೆ ಹೆಚ್ಚಿದೆ.

ಲಾಭಗಳನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ. ಮೊದಲನೆಯದು ಸುರಕ್ಷತೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಜಾರದ ನೆಲ, ಗಾಲಿಕುರ್ಚಿ ಹಿಡಿಸುವ ಬಾಗಿಲು, ಹಾಸಿಗೆಯ ಪಕ್ಕ ಕರೆಗಂಟೆ, ರಾತ್ರಿಯೂ ಇರುವ ನರ್ಸ್. ಶಿವಮೊಗ್ಗದ ಮನೆಯಲ್ಲಿ ದೊಡ್ಡಪ್ಪ ಬಿದ್ದಾಗ ಅವರನ್ನು ಎತ್ತಲು ದೊಡ್ಡಮ್ಮ ಬೀದಿಗೆ ಓಡಿ ಹಾಲಿನವನನ್ನು ಕರೆತರಬೇಕಾಯಿತು.

ಎರಡನೆಯದು ಜೊತೆ. ದೊಡ್ಡ ನಗರದ ಫ್ಲಾಟಿನಲ್ಲಿ ಮಗನ ಸಂಸಾರ ಬೆಳಿಗ್ಗೆ ಕೆಲಸಕ್ಕೂ ಶಾಲೆಗೂ ಹೋದರೆ ಸಂಜೆಯವರೆಗೆ ಮುದುಕರಿಗೆ ಟಿವಿಯೇ ಗತಿ. ಇಲ್ಲಿ ಹಾಗಲ್ಲ, ಕೇರಂ ಆಡಲು ನಾಲ್ವರು ಸಿಗುತ್ತಾರೆ.

ಮೂರನೆಯದನ್ನು ಜಾಹೀರಾತುಗಳು ಒತ್ತಿ ಹೇಳುವುದಿಲ್ಲ. ಗಂಡಸರು 60ಕ್ಕೆ ನಿವೃತ್ತರಾಗುತ್ತಾರೆ. ಹೆಂಗಸರು? ದೊಡ್ಡಪ್ಪ ಹಾರ ಹಾಕಿಸಿಕೊಂಡು ಮನೆಗೆ ಬಂದ ಸಂಜೆ ದೊಡ್ಡಮ್ಮ ಇಪ್ಪತ್ತು ಜನರಿಗೆ ಅಡುಗೆ ಮಾಡಿದ್ದರು. ಮರುದಿನದಿಂದ ಗಂಡ ಹಗಲೂ ಮನೆಯಲ್ಲೇ ಇದ್ದದ್ದರಿಂದ ಕಾಫಿಯ ಲೆಕ್ಕ ಹೆಚ್ಚಾಯಿತು. ಹೊಸ ಬಡಾವಣೆಯ ಊಟದ ಮನೆಯಲ್ಲಿ ಅವರು ಮೊದಲ ವಾರ ಬಡಿಸಲು ಎದ್ದೇಳುತ್ತಿದ್ದರಂತೆ. ಬಡಿಸುವ ಹುಡುಗಿಯೇ ‘ಕೂತ್ಕೊಳ್ಳಿ ಅಮ್ಮ’ ಎಂದು ಕೈಹಿಡಿದು ಕೂರಿಸಿದಳಂತೆ. ಮದುವೆಯಾಗಿ 45 ವರ್ಷಗಳ ಮೇಲೆ ಅವರಿಗೆ ನಿವೃತ್ತಿ ಸಿಕ್ಕಿತ್ತು.

ಇನ್ನು ನಷ್ಟಗಳು. ದೊಡ್ಡಪ್ಪನಿಗೆ ಆದ ನಷ್ಟ ದುಡ್ಡಿನದಲ್ಲ. ಶಿವಮೊಗ್ಗದಲ್ಲಿ ಅವರು ಪೇಟೆಗೆ ಹೊರಟರೆ ಹತ್ತು ಜನ ಹಳೆಯ ಶಿಷ್ಯರು ‘ನಮಸ್ಕಾರ ಸಾರ್’ ಎನ್ನುತ್ತಿದ್ದರು. ಇಲ್ಲಿ ಎಲ್ಲರೂ ಮಾಜಿ ಏನೋ ಒಂದು ಆಗಿದ್ದವರೇ. ಯಾರಿಗೆ ಯಾರು ನಮಸ್ಕಾರ ಮಾಡಬೇಕು? ಊಟದ ರುಚಿಯೂ ಸಣ್ಣ ವಿಷಯವಲ್ಲ. ಹಲವು ಬಡಾವಣೆಗಳ ಊಟದ ಮನೆ ಶುದ್ಧ ಸಸ್ಯಾಹಾರಿ. ದೊಡ್ಡಪ್ಪನಿಗೆ ಅದು ಸರಿ. ಮಂಗಳೂರಿನಿಂದ ಬಂದ ಪಕ್ಕದ ಮನೆಯವರಿಗೆ ಮೀನಿಲ್ಲದ ಊಟ ಎಂದರೆ ಜ್ವರ ಬಂದಾಗಿನ ಪಥ್ಯ. ಮೇಲಾಗಿ, ಎಲ್ಲರೂ ವಯಸ್ಸಾದವರೇ ಇರುವ ಕಡೆ ಸಾವು ಅಪರೂಪದ ನೆಂಟನಲ್ಲ. ಊಟದ ಮನೆಯಲ್ಲಿ ಒಂದು ಕುರ್ಚಿ ಎರಡು ದಿನ ಖಾಲಿ ಇದ್ದರೆ ಯಾರೂ ಕಾರಣ ಕೇಳುವುದಿಲ್ಲ.

ದುಡ್ಡಿನ ಲೆಕ್ಕ ಇನ್ನೂ ಬಿಗಿ. ಮನೆಯ ಬೆಲೆ ಒಮ್ಮೆ ಕೊಟ್ಟು ಮುಗಿಯುತ್ತದೆ, ತಿಂಗಳ ನಿರ್ವಹಣಾ ಶುಲ್ಕ ಮುಗಿಯುವುದಿಲ್ಲ. ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿ ಶುಲ್ಕ ವರ್ಷಕ್ಕೆ ಶೇ 8ರಂತೆ ಏರಿದರೆ 9 ವರ್ಷಕ್ಕೆ 30,000 ಆಗುತ್ತದೆ, 18 ವರ್ಷಕ್ಕೆ 60,000. ಅಂದರೆ 65ರಲ್ಲಿ ಸೇರಿದವರು 83ರಲ್ಲಿ ನಾಲ್ಕು ಪಟ್ಟು ಕೊಡಬೇಕು. ಸರ್ಕಾರಿ ಪಿಂಚಣಿಗೆ ತುಟ್ಟಿಭತ್ಯೆಯಾದರೂ ಸೇರುತ್ತದೆ. ಬ್ಯಾಂಕಿನ ಬಡ್ಡಿಯನ್ನೇ ನಂಬಿದವರಿಗೆ ಅದೂ ಇಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಸೇರುವಾಗ ಇಬ್ಬರು ಸೇರುತ್ತಾರೆ. ಕೊನೆಗೆ ಉಳಿಯುವುದು ಒಬ್ಬರು. ಆ ಒಬ್ಬರು ಹೆಚ್ಚಿನ ಪಾಲು ಹೆಂಡತಿ. 2011ರ ಜನಗಣತಿಯಲ್ಲಿ 60 ದಾಟಿದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಗಂಡನನ್ನು ಕಳೆದುಕೊಂಡವರು. ಗಂಡಸರಲ್ಲಿ ಹೆಂಡತಿಯನ್ನು ಕಳೆದುಕೊಂಡವರು ಸುಮಾರು ಶೇ 15 ಮಾತ್ರ.

ಸೇರಿದ ಮೂರನೆಯ ವರ್ಷ ದೊಡ್ಡಪ್ಪ ತೀರಿಕೊಂಡರು. ಹಳೆಯ ಪದ್ಧತಿಯಲ್ಲಿ ಪೂರ್ಣ ಸೇವೆ ಮುಗಿಸಿದ ಸರ್ಕಾರಿ ನೌಕರನ ಪಿಂಚಣಿ ಕೊನೆಯ ವೇತನದ ಅರ್ಧ. ಅವನು ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ವೇತನದ ಶೇ 30. ಕೊನೆಯ ಮೂಲ ವೇತನ 60,000 ಇದ್ದರೆ ತುಟ್ಟಿಭತ್ಯೆ ಬಿಟ್ಟು ಗಂಡನಿಗೆ 30,000, ಹೆಂಡತಿಗೆ 18,000. ಹೀಗೆ ವರಮಾನ ಇಳಿಯುತ್ತದೆ. ಆದರೆ ಕಾವಲು, ಲಿಫ್ಟು, ತೋಟ, ನರ್ಸ್ ಇವುಗಳ ಶುಲ್ಕ ಒಬ್ಬರು ಕಡಿಮೆಯಾದರು ಎಂದು ಅರ್ಧವಾಗುವುದಿಲ್ಲ. ಊಟದ ಬಾಬ್ತು ಮಾತ್ರ ಅರ್ಧ.

ಆ ಹೊತ್ತಿಗೆ ಮನೆ ಮಾರಿ ಹೊರಡೋಣವೆಂದರೆ ಅದೂ ಸುಲಭವಲ್ಲ. ಅನೇಕ ಕಡೆ ಇಷ್ಟು ವಯಸ್ಸು ದಾಟಿದವರೇ ವಾಸಿಸಬೇಕೆಂಬ ಷರತ್ತಿದೆ. ಕೊಳ್ಳುವವರು ಕಡಿಮೆ. ವಾರಸುದಾರನಾದ ಮಗ ಮಾಲೀಕನಾಗಬಹುದು, ವಾಸಿಸುವಂತಿಲ್ಲ. ಇನ್ನು ಮರೆವಿನ ಕಾಯಿಲೆ ಬಂದರೆ? ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರಿಗೆ ಮಾತ್ರ ಜಾಗ ಎನ್ನುವ ಬಡಾವಣೆಗಳೂ ಇವೆ. ಮನೆ ಕೊಳ್ಳುವುದು 65ರಲ್ಲಿ, ಅದು ನಿಜವಾಗಿ ಬೇಕಾಗುವುದು 80ರಲ್ಲಿ ಎಂಬುದನ್ನು ಮರೆಯಬಾರದು.

ಕಾನೂನಿನ ಆಸರೆ ಅರೆಬರೆ. 2016ರ ರಿಯಲ್ ಎಸ್ಟೇಟ್ ಕಾಯಿದೆ ಮುಖ್ಯವಾಗಿ ಕಟ್ಟಡಕ್ಕೆ ಸಂಬಂಧಿಸಿದ್ದು, ಆರೈಕೆಗಲ್ಲ. ನಿವೃತ್ತರ ವಸತಿಗೆಂದೇ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿತು. ಆದರೆ ಹೆಸರೇ ಹೇಳುವಂತೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ. ಹೀಗಾಗಿ ನಿಮ್ಮ ಕೈಯಲ್ಲಿರುವ ಕರಾರುಪತ್ರವೇ ನಿಮ್ಮ ದೊಡ್ಡ ಆಧಾರ.

ಇದೆಲ್ಲ ಉಳ್ಳವರ ಚಿಂತೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. 58 ಲಕ್ಷ ಹಿರಿಯರಲ್ಲಿ ಇಂಥ ಮನೆ ಕೊಳ್ಳಬಲ್ಲವರು ತೀರ ಕೆಲವರು. ಹೊಲಗದ್ದೆಯಲ್ಲಿ ದುಡಿದವರಿಗೆ, ಬೀಡಿ ಕಟ್ಟಿದವರಿಗೆ ನಿವೃತ್ತಿ ಎಂಬುದೇ ಇಲ್ಲ. ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ಹಂತಹಂತವಾಗಿ ಸ್ಥಾಪಿಸುವ ಮಾತನ್ನು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯಿದೆ ಆಡಿದೆ. ಹಣವಿದ್ದವರು ಗೋಡೆಯೊಳಗೆ ಸೇರಿಕೊಂಡ ಮೇಲೆ ಗೋಡೆಯ ಹೊರಗಿನ ಮುದುಕರಿಗಾಗಿ ದನಿ ಎತ್ತುವವರು ಕಡಿಮೆಯಾಗಬಾರದು. ಸನ್ ಸಿಟಿಯ ಶಾಲೆಗಳ ಕತೆ ನೆನಪಿರಲಿ.

ಹಾಗಾದರೆ ಹೋಗಬೇಕೋ, ಬೇಡವೋ? ಹೋಗಬೇಡಿ ಎಂದು ನಾನು ಹೇಳಲಾರೆ. ಮಕ್ಕಳು ದೂರವಿದ್ದು, ಕೈಯಲ್ಲಿ ಶಕ್ತಿಯಿದ್ದರೆ ಅದು ಒಳ್ಳೆಯ ಏರ್ಪಾಡೇ. ಆದರೆ ಮೊದಲು ಆರು ತಿಂಗಳು ಬಾಡಿಗೆಗೆ ಇದ್ದು ನೋಡಿ. ತೋರಿಸಲೆಂದೇ ಕರೆದ ಭಾನುವಾರ ಹೋಗದೆ, ಹೇಳದೆ ಕೇಳದೆ ಒಂದು ಮಂಗಳವಾರ ಹೋಗಿ ಊಟ ಮಾಡಿ. ಶುಲ್ಕ ಏರಿಸುವವರು ಯಾರು, ಎಷ್ಟು ಏರಿಸಬಹುದು, ಹಾಸಿಗೆ ಹಿಡಿದರೆ ಏನು ಮಾಡುತ್ತಾರೆ, ಬಿಟ್ಟು ಹೋಗುವಾಗ ಎಷ್ಟು ದುಡ್ಡು ಮರಳುತ್ತದೆ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಇಬ್ಬರಲ್ಲಿ ಒಬ್ಬರೇ ಉಳಿದ ದಿನದ ಲೆಕ್ಕವನ್ನು ಈಗಲೇ, ಇಬ್ಬರೂ ಕೂತು ಹಾಕಿ.

ಕಳೆದ ತಿಂಗಳು ದೊಡ್ಡಮ್ಮನನ್ನು ನೋಡಲು ಹೋಗಿದ್ದೆ. ಅವರು ಸಂಗೀತ ಕಲಿಯುತ್ತಿದ್ದಾರೆ. ಗೆಳತಿಯರಿದ್ದಾರೆ. ಮಗ ಅಮೆರಿಕಕ್ಕೆ ಕರೆದರೂ ಹೋಗಲಿಲ್ಲ. ಆದರೆ ಪ್ರತಿ ಏಪ್ರಿಲ್‌ನಲ್ಲಿ ಶುಲ್ಕ ಏರಿಕೆಯ ಕಾಗದ ಬಂದಾಗ ಅವರಿಗೆ ನಿದ್ದೆ ಬರುವುದಿಲ್ಲ. ಮಗನ ಮುಂದೆ ಕೈಚಾಚಬೇಕಲ್ಲ ಎಂಬ ಸಂಕೋಚ. ‘ಇಲ್ಲಿಗೆ ಬರೋ ಮುಂಚೆ ನನ್ನನ್ನೂ ಒಂದು ಮಾತು ಕೇಳಬಹುದಿತ್ತು’ ಎಂದರು.

‘ಕೇಳಿದ್ದರೆ ಬರ್ತಿರಲಿಲ್ವಾ ದೊಡ್ಡಮ್ಮ?’ ಎಂದೆ.

ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ಬರ್ತಿದ್ದೆ. ಶಿವಮೊಗ್ಗದ ಮನೆ ಮಾತ್ರ ಮಾರಬೇಡಿ ಅಂತಿದ್ದೆ. ಅದರ ಬಾಡಿಗೆಯಾದರೂ ನನ್ನ ಕೈಗೆ ಬರ್ತಿತ್ತು.’

ಈ ಸಭೆಯಲ್ಲಿ ಕೂತಿರುವ ಯಜಮಾನರಲ್ಲಿ ನನ್ನದೊಂದೇ ವಿನಂತಿ. ಜಾಹೀರಾತಿನ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದರೆ, ಇಂದು ಸಂಜೆ ಮನೆಗೆ ಹೋಗಿ ಅದನ್ನು ಮೊದಲು ಅವರಿಗೆ ತೋರಿಸಿ.