ಪಾದಯಾತ್ರಿಯ ಪಾದಗಳು

(ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಹೊರಡುವ ಪಾದಯಾತ್ರಿಗಳನ್ನು ಕುರಿತು ಪಿ.ಜೆ. ಬಡಾವಣೆಯಲ್ಲಿ ಮಾಡಿದ ಭಾಷಣ)



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾದಲ್ಲಿ ಅಂದು ಹಬ್ಬ. ದೂರದ ವೇಲಾಂಕಣಿಯಲ್ಲಿಯೂ ಅಂದೇ ಹಬ್ಬ. ನಮ್ಮ ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ.; ವೇಲಾಂಕಣಿಗಾದರೋ ಬೆಂಗಳೂರಿನಿಂದಲೇ 300 ಕಿ.ಮೀ.ಗೂ ಮಿಗಿಲು. ಮೊದಲನೆಯದು ಕೆಲವು ಗಂಟೆಗಳ ನಡಿಗೆ, ಎರಡನೆಯದು ಅನೇಕ ದಿನಗಳ ನಡಿಗೆ. ಆದರೆ ಎರಡು ದಾರಿಗಳಲ್ಲಿಯೂ ಯಾತ್ರಿಕನನ್ನು ನಡುದಾರಿಯಲ್ಲಿ ಕೂರಿಸುವ ಶತ್ರು ಒಂದೇ. ಅದು ನಾವು ಬೊಬ್ಬೆ ಎಂದು ಕರೆಯುವ, ರೂಪಾಯಿಯಗಲದ ನೀರುಗುಳ್ಳೆ.

"ಹರಕೆ ಹೊತ್ತು ನಡೆಯುವವನಿಗೆ ಕಾಲಿನ ಚಿಂತೆಯೇಕೆ? ನೋವೇ ಕಾಣಿಕೆಯಲ್ಲವೇ?" ಎಂದು ಕೆಲವರು ಕೇಳುವುದುಂಟು. ತಾನಾಗಿ ಬಂದ ನೋವನ್ನು ಸಹನೆಯಿಂದ ಅರ್ಪಿಸುವುದು ಭಕ್ತಿ, ನಿಜ. ಆದರೆ ಅಲ್ಪ ಎಚ್ಚರದಿಂದ ತಪ್ಪಿಸಬಹುದಾದ ಗಾಯವನ್ನು ತಂದುಕೊಂಡು, ಜೊತೆಯವರ ಹೆಗಲಿಗೆ ಭಾರವಾಗುವುದು ಭಕ್ತಿಯಲ್ಲ. ಪಾದಗಳ ಆರೈಕೆಯೂ ಯಾತ್ರೆಯ ಒಂದು ಅಂಗವೆಂಬುದೇ ನನ್ನ ಇಂದಿನ ನಿವೇದನೆ.

ಬೊಬ್ಬೆ ಹೇಗೆ ಏಳುತ್ತದೆ? ಪ್ರತಿ ಹೆಜ್ಜೆಯಲ್ಲಿಯೂ ಒಳಗಿನ ಎಲುಬು ಮುಂದೆ ಹಿಂದೆ ಸರಿಯುತ್ತದೆ. ಹೊರಗಿನ ಚರ್ಮವನ್ನು ಕಾಲುಚೀಲವೋ ಚಪ್ಪಲಿಯೋ ಹಿಡಿದು ನಿಲ್ಲಿಸುತ್ತದೆ. ಈ ಎಳೆದಾಟದಲ್ಲಿ ಚರ್ಮದ ಪದರಗಳು ನಡುವೆ ಬಿರಿದು, ಆ ಬಿರುಕಿನಲ್ಲಿ ನೀರು ತುಂಬುತ್ತದೆ. ಹರಿಹರದ ದಾರಿಯಲ್ಲಿ ಒಂದೊಂದು ಪಾದವೂ ಹತ್ತಿರ ಹತ್ತಿರ 10,000 ಸಲ ನೆಲವನ್ನು ಮೆಟ್ಟುತ್ತದೆ. ಒದ್ದೆಯಾದ ಚರ್ಮಕ್ಕೆ ಹಿಡಿತ ಹೆಚ್ಚು, ಆದುದರಿಂದ ಎಳೆದಾಟವೂ ಹೆಚ್ಚು. ನಮ್ಮ ಹಬ್ಬ ಬರುವುದು ಮಳೆಗಾಲ ಮುಗಿಯುವ ಮೊದಲೇ ಎಂಬುದನ್ನು ಮರೆಯದಿರೋಣ.

ಇನ್ನು ತಡೆಯುವ ಬಗೆ. ಮೊದಲನೆಯದಾಗಿ, ಹೊಸ ಬೂಟು ತೊಟ್ಟು ಯಾತ್ರೆಗೆ ಹೊರಡಬಾರದು. ಕೆಲವು ವಾರ ಮುಂಚಿನಿಂದಲೇ ಅದೇ ಪಾದರಕ್ಷೆಯಲ್ಲಿ ದಿನವೂ ನಡೆದು, ದೂರವನ್ನು ಕ್ರಮೇಣ ಹೆಚ್ಚಿಸಬೇಕು. ಚರ್ಮವೂ ಆಗ ಗಟ್ಟಿಗೊಳ್ಳುತ್ತದೆ. ನಡೆದಂತೆ ಪಾದ ಊದಿಕೊಳ್ಳುವುದರಿಂದ ಬೆರಳುಗಳ ಮುಂದೆ ಸ್ವಲ್ಪ ಜಾಗವಿರಬೇಕು. ಉಗುರುಗಳನ್ನು ಮೊದಲೇ ಕತ್ತರಿಸಿರಬೇಕು.

ಎರಡನೆಯದಾಗಿ, ಪಾದವನ್ನು ಒಣಗಿಸಿಡಬೇಕು. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವರಾದ ನಮಗೆ ಹತ್ತಿಯೇ ಶ್ರೇಷ್ಠವೆಂದು ತೋರುವುದು ಸಹಜ. ಆದರೆ ಹತ್ತಿಯ ಕಾಲುಚೀಲ ಬೆವರನ್ನು ಹೀರಿ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಉಣ್ಣೆ ಅಥವಾ ನೈಲಾನ್ ಬೆರೆತದ್ದು ಲೇಸು. ತೆಳುವಾದದ್ದರ ಮೇಲೆ ದಪ್ಪನೆಯದನ್ನು ತೊಟ್ಟರೆ ಉಜ್ಜಾಟ ಎರಡು ಬಟ್ಟೆಗಳ ನಡುವೆಯೇ ಕಳೆದುಹೋಗುತ್ತದೆ. ಒಂದು ಜೊತೆ ಒಣ ಕಾಲುಚೀಲ ಚೀಲದಲ್ಲಿರಲಿ. ವ್ಯಾಸಲೀನ್ ಹಚ್ಚುವವರು ಅದನ್ನು ಆಗಾಗ ಮತ್ತೆ ಹಚ್ಚಬೇಕು. ಒಮ್ಮೆ ಹಚ್ಚಿದ್ದು ಕೊನೆಯವರೆಗೆ ನಿಲ್ಲದು.

ಮೂರನೆಯದು ಅತಿ ಅಗ್ಗದ ಉಪಾಯ. ಗಾಯದ ಬಟ್ಟೆಯನ್ನು ಅಂಟಿಸಲು ಔಷಧದ ಅಂಗಡಿಯಲ್ಲಿ ಸಿಗುವ ಕಾಗದದ ಟೇಪನ್ನು ಹಿಮ್ಮಡಿ, ಬೆರಳು ಮುಂತಾದ ಉಜ್ಜುವ ಜಾಗಗಳಿಗೆ ಹೊರಡುವ ಮುನ್ನವೇ ಅಂಟಿಸುವುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವೈದ್ಯರು 250 ಕಿ.ಮೀ. ಓಟದ 128 ಸ್ಪರ್ಧಿಗಳಲ್ಲಿ ಇದನ್ನು ಪರೀಕ್ಷಿಸಿ, ಬೊಬ್ಬೆಗಳು ಶೇಕಡ 40ರಷ್ಟು ಕಡಿಮೆಯಾದುದನ್ನು 2016ರಲ್ಲಿ ಪ್ರಕಟಿಸಿದರು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಕಾಲಿನಲ್ಲಿ ಎಲ್ಲಿಯಾದರೂ ಉರಿ ಕಂಡೊಡನೆ ನಿಲ್ಲಬೇಕು. ಬೊಬ್ಬೆ ಏಳುವ ಮೊದಲು ಚರ್ಮ ನೀಡುವ ಎಚ್ಚರಿಕೆ ಅದು. ಜಪಸರದ ಒಂದು ರಹಸ್ಯ ಮುಗಿಯುವಷ್ಟು ಹೊತ್ತು ಕುಳಿತು, ಮರಳು ಕೊಡವಿ, ಒರೆಸಿ, ಟೇಪು ಹಾಕಿದರೆ ಸಾಕು. ಬೊಬ್ಬೆ ಎದ್ದೇಬಿಟ್ಟರೆ, ಚಿಕ್ಕದನ್ನು ಒಡೆಯದೆ ಮುಚ್ಚಬೇಕು. ನಡೆಯಗೊಡದಷ್ಟು ದೊಡ್ಡದಾದರೆ, ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಡಿಸಬೇಕು; ಮೇಲಿನ ಚರ್ಮವನ್ನು ಕೀಳಬಾರದು, ಅದೇ ಗಾಯದ ಹೊದಿಕೆ.

ಸಕ್ಕರೆ ಕಾಯಿಲೆಯುಳ್ಳ ಹಿರಿಯರಲ್ಲಿ ಒಂದು ವಿಶೇಷ ಬಿನ್ನಹ. ಈ ಕಾಯಿಲೆಯಲ್ಲಿ ಪಾದದ ನರಗಳು ಮಂಕಾಗಿ, ಉರಿಯ ಎಚ್ಚರಿಕೆಯೇ ತಿಳಿಯದೆ ಹೋಗಬಹುದು. ಮಾಯದ ಬೊಬ್ಬೆ ಹುಣ್ಣಾಗಿ, ಕಾಲನ್ನೇ ಕತ್ತರಿಸಬೇಕಾದ ಸ್ಥಿತಿಗೂ ತರಬಲ್ಲದು. ಅಂಥವರು ವೈದ್ಯರನ್ನು ಕಾಣದೆ ಹೊರಡಬಾರದು, ಬೊಬ್ಬೆಯನ್ನು ತಾವೇ ಚುಚ್ಚಬಾರದು, ಬರಿಗಾಲಲ್ಲಿ ನಡೆಯಲೇಬಾರದು.

"ಬರಿಗಾಲ ಹರಕೆ ಹೊತ್ತಿದ್ದೇನೆ, ಮುರಿದರೆ ಪಾಪವಲ್ಲವೇ?" ಎಂಬ ಭಯ ಬೇಡ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1196ನೆಯ ನಿಯಮದಂತೆ, ನ್ಯಾಯವಾದ ಕಾರಣವಿದ್ದರೆ ಖಾಸಗಿ ಹರಕೆಯಿಂದ ವಿನಾಯಿತಿ ನೀಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗಿದೆ. 1197ನೆಯ ನಿಯಮದಂತೆ, ಹರಕೆ ಹೊತ್ತವರೇ ಅದನ್ನು ಅಷ್ಟೇ ಒಳ್ಳೆಯ ಅಥವಾ ಹೆಚ್ಚು ಒಳ್ಳೆಯ ಇನ್ನೊಂದು ಕಾರ್ಯಕ್ಕೆ ಬದಲಿಸಿಕೊಳ್ಳಬಹುದು. ಮನೆಯಲ್ಲಿ ಇಂಥ ಹರಕೆ ಹೊತ್ತ ಅಜ್ಜಿಯೋ ಅಪ್ಪನೋ ಇದ್ದರೆ, ಅವರನ್ನು ಗದರಿಸದೆ ಗುರುಗಳ ಬಳಿಗೆ ಕರೆದುಕೊಂಡು ಹೋಗಿರಿ.

ಪವಿತ್ರ ಗ್ರಂಥವೂ ಇದಕ್ಕೆ ವಿರುದ್ಧವಲ್ಲ. ಮೋಶೆ ಕೆರಗಳನ್ನು ಕಳಚಿದ್ದು ಉರಿಯುವ ಪೊದೆಯ ಪವಿತ್ರ ನೆಲದಲ್ಲಿ. ಅಲ್ಲಿಯವರೆಗೆ ಆತ ಕೆರ ಮೆಟ್ಟಿಯೇ ಬಂದಿದ್ದ. ಪ್ರೇಷಿತರನ್ನು ಊರೂರಿಗೆ ಕಳುಹಿಸುವಾಗ ಯೇಸುಸ್ವಾಮಿ ಬುತ್ತಿ ಬೇಡವೆಂದರು, ಹಣ ಬೇಡವೆಂದರು. ಆದರೆ ಕೆರ ಮೆಟ್ಟಲು ಹೇಳಿದರೆಂದು ಸಂತ ಮಾರ್ಕನು ಬರೆದಿದ್ದಾನೆ. ಹರಿಹರದವರೆಗೆ ಮೆಟ್ಟಿ ನಡೆದು, ಮಾತೆಯ ಬಾಗಿಲಲ್ಲಿ ಕಳಚಿದರೆ ಭಕ್ತಿಗೆ ಕುಂದೇನೂ ಇಲ್ಲ.

ಕಡೆಯದಾಗಿ, ನಮ್ಮ ಯುವಕ ಯುವತಿಯರಿಗೆ ಒಂದು ಮಾತು. ಪ್ರತಿ ತಂಡದಲ್ಲಿಯೂ ಇಬ್ಬರು ಶುದ್ಧ ನೀರು, ಒಣ ಬಟ್ಟೆ, ಕತ್ತರಿ, ಟೇಪುಗಳನ್ನು ಹೊತ್ತು ಹಿಂದಿನ ಸಾಲಿನಲ್ಲಿ ನಡೆಯಲಿ; ಕುಂಟುತ್ತಿರುವವರನ್ನು ತಾವಾಗಿಯೇ ಕೂರಿಸಿ ಪಾದ ನೋಡಲಿ. ಪವಿತ್ರ ಗುರುವಾರದಂದು ಬಲಿಪೀಠದ ಮುಂದೆ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವುದನ್ನು ವರ್ಷವೂ ನೋಡುತ್ತೇವೆ. ಅದೇ ಸೇವೆಯನ್ನು ರಸ್ತೆಯ ಬದಿಯಲ್ಲಿ ಮಾಡುವ ಭಾಗ್ಯ ನಿಮ್ಮದಾಗಲಿ. ಆರೋಗ್ಯ ಮಾತೆ ನಮ್ಮೆಲ್ಲರ ಹೆಜ್ಜೆಗಳನ್ನು ಕಾಯಲಿ.