ಕಟಾಫ್ ಅಂದ್ರೆ ಕಾಲೇಜಿನ ಮಾರ್ಕ್ಸ್ ಕಾರ್ಡ್ ಅಲ್ಲ

ಈ ವಾರದ ಮಾತು ಸಿಇಟಿ ರ್‍ಯಾಂಕ್ ಹಿಡ್ಕೊಂಡು ಕೂತಿರೋ ಮಕ್ಕಳಿಗೆ, ಅವರಿಗಿಂತ ಹೆಚ್ಚು ಟೆನ್ಷನ್‌ನಲ್ಲಿರೋ ಅಪ್ಪ–ಅಮ್ಮಂದಿರಿಗೆ. ನಾನು ಓದಿದ್ದು ಬಿ.ಕಾಂ. ಎಂಜಿನಿಯರಿಂಗ್ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಮತ್ತೆ ನಿನಗ್ಯಾಕಪ್ಪ ಈ ಉಸಾಬರಿ ಅಂದ್ರೆ, ಎರಡು ಕಾರಣ ಇದೆ. ಒಂದು, ನಾನಿರೋದು ಕೆಂಗೇರಿಯಲ್ಲಿ. ಮೈಸೂರು ರಸ್ತೆಯಲ್ಲಿ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ಉತ್ತರಹಳ್ಳಿ ರಸ್ತೆಯಲ್ಲಿ ಜೆಎಸ್‌ಎಸ್, ಅದೇ ಸುತ್ತಮುತ್ತ ಎಸ್‌ಜೆಬಿ, ಚನ್ನಸಂದ್ರದಲ್ಲಿ ಆರ್‌ಎನ್‌ಎಸ್, ಕುಂಬಳಗೋಡಿನಲ್ಲಿ ಡಾನ್ ಬಾಸ್ಕೊ. 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಮೆಟ್ರೊ ಬಂದ ಮೇಲಂತೂ ಬೆಳಗ್ಗೆ ರೈಲಿನಲ್ಲಿ ಐಡಿ ಕಾರ್ಡ್ ನೇತಾಡದ ಕತ್ತು ಹುಡುಕೋದೇ ಕಷ್ಟ. ಎರಡನೇ ಕಾರಣ, ಸೀಟು ಹಂಚಿಕೆ ಅನ್ನೋದು ಕೊನೆಗೂ ಬೇಡಿಕೆ–ಪೂರೈಕೆಯ ಲೆಕ್ಕ. ಅದು ಕಾಮರ್ಸ್‌ನವರ ಏರಿಯಾ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಕಾಲೇಜು ಇದೆ ಅಂತಿಟ್ಕೊಳ್ಳಿ, ಒಂದೊಂದರಲ್ಲೂ 100 ಸೀಟು. ಊರಲ್ಲಿ 1,000 ವಿದ್ಯಾರ್ಥಿಗಳು. ಅಂದ್ರೆ ಎಲ್ಲರಿಗೂ ಸೀಟಿದೆ. ಆದ್ರೆ ಭಯಕ್ಕೆ ಬಿದ್ದು ಪ್ರತಿಯೊಬ್ಬರೂ ಹತ್ತೂ ಕಾಲೇಜಿಗೆ ಅರ್ಜಿ ಹಾಕ್ತಾರೆ. ಈಗ ಪ್ರತಿ ಕಾಲೇಜೂ ‘ನಮ್ಮ 100 ಸೀಟಿಗೆ 1,000 ಅರ್ಜಿ ಬಂದಿದೆ, ಹತ್ತರಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ’ ಅಂತ ಫ್ಲೆಕ್ಸ್ ಹಾಕಬಹುದು. ಅದು ಸುಳ್ಳಲ್ಲ. ಆದ್ರೆ ಆ ಊರಲ್ಲಿ ಸೀಟಿಲ್ಲದೆ ಉಳಿಯೋ ಮಗು ಒಂದೂ ಇಲ್ಲ. ಪೈಪೋಟಿ ಹೆಚ್ಚಿದ್ದಲ್ಲ, ಅರ್ಜಿ ಹೆಚ್ಚಿದ್ದು. ಅಮೆರಿಕದ ಹಾರ್ವರ್ಡ್‌ನಲ್ಲಿ ನೂರಕ್ಕೆ ಸುಮಾರು ನಾಲ್ಕು ಜನಕ್ಕೆ ಮಾತ್ರ ಸೀಟು ಸಿಗುತ್ತೆ ಅಂತಾರಲ್ಲ, ಅಲ್ಲೂ ಒಬ್ಬೊಬ್ಬ ವಿದ್ಯಾರ್ಥಿ ಹತ್ತಾರು ಕಡೆ ಅರ್ಜಿ ಹಾಕೋದು ಆ ಲೆಕ್ಕದ ಒಂದು ಭಾಗ.

ನಮ್ಮ ಬೆಂಗಳೂರಿನ ಡಿಗ್ರಿ ಕಾಲೇಜುಗಳ ಕಥೆ ಹೆಚ್ಚುಕಡಿಮೆ ಇದೇ. ಬಿ.ಕಾಂ., ಬಿಬಿಎ ಸೀಟಿಗೆ ಎಲ್ಲರೂ ನಿಲ್ಲೋ ಒಂದೇ ಸಾಲು ಅನ್ನೋದಿಲ್ಲ. ಖಾಸಗಿ ಕಾಲೇಜುಗಳು ತಮ್ಮದೇ ಅರ್ಜಿ, ತಮ್ಮದೇ ಪಟ್ಟಿ ಅಂತ ನಡೀತವೆ. ಕ್ರೈಸ್ಟ್ ವಿಶ್ವವಿದ್ಯಾಲಯಕ್ಕೆ ಹೋಗಬೇಕಂದ್ರೆ ಅವರದೇ ಪ್ರವೇಶ ಪರೀಕ್ಷೆ, ಸಂದರ್ಶನ. ಹಾಗಾಗಿ ಅಲ್ಲಿ ‘ಇಷ್ಟು ಅರ್ಜಿ ಬಂತು’ ಅನ್ನೋ ಮಾತನ್ನ ಸ್ವಲ್ಪ ಉಪ್ಪು ಹಾಕ್ಕೊಂಡೇ ಕೇಳಬೇಕು.

ಎಂಜಿನಿಯರಿಂಗ್‌ನಲ್ಲಿ ಮಾತ್ರ ನಮಗೆ ಒಂದೇ ಸಾಲಿದೆ. ಅದು ಸುಮ್ಮನೆ ಬಂದಿದ್ದಲ್ಲ. 1980ರ ದಶಕದಲ್ಲಿ ಕರ್ನಾಟಕ ಅಂದ್ರೆ ದೇಶದ ಕ್ಯಾಪಿಟೇಷನ್ ರಾಜಧಾನಿ ಅನ್ನೋ ಹಾಗಿತ್ತು. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾನೂನು ಮಾಡ್ತು. ಆಮೇಲೆ ತುಮಕೂರಿನ ಒಂದು ವೈದ್ಯಕೀಯ ಕಾಲೇಜಿನ ಶುಲ್ಕದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯ್ತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. 1992ರ ಮೋಹಿನಿ ಜೈನ್ ಪ್ರಕರಣ ಅಂತಾರಲ್ಲ, ಅದೇ ಇದು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. 1994ರಲ್ಲಿ ನಮ್ಮ ಸಿಇಟಿ ಶುರುವಾಯ್ತು. ಅಲ್ಲಿವರೆಗೆ ಯಾರ ಮುಂದೆ ಯಾರಿದ್ದಾರೆ ಅಂತ ಗೊತ್ತಾಗದ ಸಾಲಿಗೆ ಒಂದು ಟೋಕನ್ ನಂಬರ್ ಬಂತು. ಆ ನಂಬರ್‌ಗೆ ಎಷ್ಟೇ ಬೈದ್ರೂ, ಅದು ಕಣ್ಣಿಗೆ ಕಾಣುತ್ತೆ ಅನ್ನೋದೇ ಅದರ ದೊಡ್ಡ ಗುಣ.

ಈಗ ಆ ನಂಬರ್ ಹೇಗೆ ಬರುತ್ತೆ ನೋಡಿ. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಅರ್ಧ ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ. ಇನ್ನರ್ಧ ಸಿಇಟಿಯಲ್ಲಿ ಅದೇ ಮೂರು ವಿಷಯದ ಅಂಕ. ಪಿಯುಸಿಯಲ್ಲಿ 300ಕ್ಕೆ, ಸಿಇಟಿಯಲ್ಲಿ 180ಕ್ಕೆ. ಪಿಯುಸಿಯಲ್ಲಿ 285, ಸಿಇಟಿಯಲ್ಲಿ 99 ತೆಗೆದ ಹುಡುಗಿಗೆ ಶೇ 95 ಮತ್ತು ಶೇ 55, ಸರಾಸರಿ 75. ಪಿಯುಸಿಯಲ್ಲಿ 270, ಸಿಇಟಿಯಲ್ಲಿ 108 ತೆಗೆದ ಹುಡುಗನಿಗೂ ಸರಾಸರಿ 75. ಅಂದ್ರೆ ಪಿಯುಸಿಯ 15 ಅಂಕ ಸಿಇಟಿಯ 9 ಪ್ರಶ್ನೆಗೆ ಸಮ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ ಅನ್ನೋದನ್ನೂ ಸೇರಿಸ್ಕೊಳ್ಳಿ.

ಈ ಅರ್ಧ–ಅರ್ಧ ಸೂತ್ರ ಎಷ್ಟು ಸೂಕ್ಷ್ಮ ಅಂತ 2022ರಲ್ಲಿ ಗೊತ್ತಾಯ್ತು. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ನಡೀಲಿಲ್ಲ. ಹಿಂದಿನ ಅಂಕಗಳ ಆಧಾರದಲ್ಲಿ ಎಲ್ಲರನ್ನೂ ಪಾಸ್ ಮಾಡಿದ್ರು. ಆ ವರ್ಷ 600ಕ್ಕೆ 600 ಬಂದವರೇ 2,239 ಮಂದಿ! ಹಾಗಾಗಿ 2021ರ ಸಿಇಟಿಗೆ ಬರೀ ಸಿಇಟಿ ಅಂಕ ಹಿಡಿದ್ರು. ಸರಿ. ತಲೆನೋವು ಶುರುವಾಗಿದ್ದು ಮರುವರ್ಷ. 2021ರ ಬ್ಯಾಚ್‌ನ ಸುಮಾರು 24,000 ವಿದ್ಯಾರ್ಥಿಗಳು ಮತ್ತೆ ಸಿಇಟಿ ಬರೆದಾಗ, ಪರೀಕ್ಷಾ ಪ್ರಾಧಿಕಾರ, ಅಂದ್ರೆ ಕೆಇಎ, ಅವರ ಪಿಯು ಅಂಕ ಬಿಟ್ಟು ಬರೀ ಸಿಇಟಿ ಅಂಕದಲ್ಲಿ ರ್‍ಯಾಂಕ್ ಕೊಟ್ಟಿತು. ಪಕ್ಕದ ಬೆಂಚಿನ ಹೊಸಬರಿಗೆ ಮಾತ್ರ ಅರ್ಧ–ಅರ್ಧ. ಪುನರಾವರ್ತಿತ ವಿದ್ಯಾರ್ಥಿಗಳ ರ್‍ಯಾಂಕ್ ಎಲ್ಲೆಲ್ಲಿಗೋ ಹೋಯ್ತು. ಅವರು ಹೈಕೋರ್ಟಿಗೆ ಹೋದ್ರು. ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಅವರ ಪಿಯು ಅಂಕವನ್ನೂ ಸೇರಿಸಿ ಅಂತ ಹೇಳಿತು. ಹಾಗೆ ಮಾಡಿದ್ರೆ ಹೊಸಬರಿಗೆ ಅನ್ಯಾಯ ಅಂತ ಸರ್ಕಾರ ಮೇಲ್ಮನವಿ ಹಾಕಿತು. ಕೊನೆಗೆ ಪುನರಾವರ್ತಿತರ ಪಿಯು ಅಂಕದಲ್ಲಿ ಪ್ರತಿ ವಿಷಯಕ್ಕೆ ಸರಾಸರಿ ಆರು ಅಂಕ ಕಳೆದು ಲೆಕ್ಕ ಹಾಕೋ ರಾಜಿ ಸೂತ್ರ ಬಂತು. ಹೊಸ ಪಟ್ಟಿ ಬಂದಾಗ ಒಂದು ಉತ್ತರವನ್ನೂ ಬದಲಿಸದ ಮಕ್ಕಳ ರ್‍ಯಾಂಕ್ ಸಾವಿರಗಟ್ಟಲೆ ಆಚೀಚೆ ಆಗಿತ್ತು. ರ್‍ಯಾಂಕ್ ಅನ್ನೋದು ನಿಮ್ಮ ಮಗುವಿನ ಬುದ್ಧಿಯ ಅಳತೆ ಅಂತ ಯಾರಾದ್ರೂ ನೆಂಟರು ಮದುವೆ ಮನೆಯಲ್ಲಿ ಭಾಷಣ ಮಾಡಿದ್ರೆ, ಈ ಕಥೆ ಹೇಳಿ.

ಇನ್ನು ಕಟಾಫ್. ಒಂದು ಕಾಲೇಜಿನ ಒಂದು ಬ್ರಾಂಚಿನಲ್ಲಿ, ಒಂದು ವರ್ಗದಲ್ಲಿ, ಕೊನೇ ಸೀಟು ಯಾವ ರ್‍ಯಾಂಕಿನವರಿಗೆ ಹೋಯ್ತೋ ಅದೇ ಕಟಾಫ್. ಅಷ್ಟೇ. ಹರಾಜಿನಲ್ಲಿ ಕೊನೇ ಚೀಲ ಯಾವ ರೇಟಿಗೆ ಹೋಯ್ತು ಅನ್ನೋ ಹಾಗೆ. ಆರ್.ವಿ.ಯಲ್ಲಿ ಕಂಪ್ಯೂಟರ್ ಸೈನ್ಸ್ ಸಾಮಾನ್ಯ ವರ್ಗದಲ್ಲಿ ಕೆಲವೇ ನೂರು ರ್‍ಯಾಂಕಿಗೆ ಮುಗಿದುಹೋಗುತ್ತೆ. ಅದೇ ಕ್ಯಾಂಪಸ್, ಅದೇ ಲೈಬ್ರರಿ, ಅದೇ ಕ್ಯಾಂಟೀನ್. ಸಿವಿಲ್‌ಗೆ ಸಾವಿರಗಳಲ್ಲಿ ರ್‍ಯಾಂಕ್ ಇರೋರಿಗೂ ಸೀಟು ಸಿಗುತ್ತೆ. ಸಿವಿಲ್ ಮೇಷ್ಟ್ರು ಕೆಟ್ಟದಾಗಿ ಪಾಠ ಮಾಡ್ತಾರೆ ಅಂತ ಇದರ ಅರ್ಥವಾ? ಈ ವರ್ಷ ಜನರಿಗೆ ಯಾವುದು ಬೇಕು ಅನ್ನೋದಷ್ಟೇ ಆ ಸಂಖ್ಯೆ ಹೇಳುತ್ತೆ.

ಪೂರೈಕೆಯೂ ಬದಲಾಗುತ್ತೆ. 2024–25ರಿಂದ ಎಐಸಿಟಿಇ ಒಂದು ಬ್ರಾಂಚಿಗೆ ಇಂತಿಷ್ಟೇ ಸೀಟು ಅನ್ನೋ ಗರಿಷ್ಠ ಮಿತಿಯನ್ನ ತೆಗೆದುಹಾಕಿತು. ಸೌಕರ್ಯ ಇದ್ರೆ ಹೆಚ್ಚಿಸ್ಕೊಳ್ಳಿ ಅಂತ. ಬೆಂಗಳೂರಿನ ಹಲವು ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟು ಏರಿಸಿದವು. ಸೀಟು ಹೆಚ್ಚಿದ್ರೆ ಕಟಾಫ್ ಸಡಿಲ ಆಗುತ್ತೆ. ಆಗ ‘ಈ ಕಾಲೇಜು ಇಳೀತು’ ಅನ್ನೋರು ಇದ್ದಾರೆ. ಕಾಲೇಜು ಅಲ್ಲೇ ಇದೆ ಸ್ವಾಮಿ, ತರಗತಿಯಲ್ಲಿ ಬೆಂಚು ಹೆಚ್ಚಾಗಿದೆ. ಕೇಳಬೇಕಾದ ಪ್ರಶ್ನೆ ಬೇರೆ. ಬೆಂಚಿನ ಜೊತೆ ಮೇಷ್ಟ್ರೂ ಹೆಚ್ಚಾದ್ರಾ, ಲ್ಯಾಬೂ ಹೆಚ್ಚಾಯ್ತಾ? ಅದಕ್ಕೆ ಕಟಾಫ್ ಪಟ್ಟಿಯಲ್ಲಿ ಉತ್ತರ ಸಿಗಲ್ಲ. ಕ್ಯಾಂಪಸ್‌ಗೆ ಹೋಗಿ ಎರಡನೇ ವರ್ಷದ ಮಕ್ಕಳನ್ನ ಕೇಳಬೇಕು.

ಇನ್ನೊಂದು ವಿಷಯ, ಪಟ್ಟಿಯಲ್ಲಿ ನಿಮ್ಮ ಕಾಲಂ ನೋಡಿ. ಪ್ರವರ್ಗ–1, 2ಎ, 2ಬಿ, 3ಎ, 3ಬಿ, ಎಸ್‌ಸಿ, ಎಸ್‌ಟಿ, ಗ್ರಾಮೀಣ, ಕನ್ನಡ ಮಾಧ್ಯಮ, 371ಜೆ, ಇವೆಲ್ಲಕ್ಕೂ ಬೇರೆ ಬೇರೆ ಕಟಾಫ್ ಇದೆ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಪ್ರಮಾಣಪತ್ರ ಇದ್ದೂ ಜಿಎಂ ಕಾಲಂ ನೋಡಿ ಹೆದರಿ ಆ ಕಾಲೇಜನ್ನೇ ಬರೀದೆ ಬಿಟ್ಟವರನ್ನ ನಾನು ಕಂಡಿದ್ದೀನಿ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ರೆ ಎಸ್‌ಎನ್‌ಕ್ಯು ಅನ್ನೋ ಕೋಟಾ ಇದೆ. ಮಂಜೂರಾದ ಸೀಟಿನ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಇಲ್ಲ. ಇದರ ಬಗ್ಗೆ ಗೊತ್ತಿಲ್ಲದ ಮನೆಗಳು ಈಗಲೂ ಎಷ್ಟೋ ಇವೆ.

ಈಗ ನಾನು ನಿಜವಾಗಿ ಹೇಳಬೇಕಂತ ಕೂತಿರೋ ವಿಷಯ, ಆಪ್ಷನ್ ಎಂಟ್ರಿ. ನಮ್ಮ ಬೀದಿಯಲ್ಲಿ ಪ್ರಾವಿಷನ್ ಸ್ಟೋರ್ ಇಟ್ಟಿರೋ ಅಂಕಲ್ ಒಬ್ಬರಿದ್ದಾರೆ. ಅವರ ಮಗಳಿಗೆ ಯುವಿಸಿಇಯಲ್ಲಿ ಎಲೆಕ್ಟ್ರಾನಿಕ್ಸ್ ಓದಬೇಕಂತ ಆಸೆ. ವಿಶ್ವೇಶ್ವರಯ್ಯನವರ ಕಾಲದ್ದು, 1917ರ ಕಾಲೇಜು, ಸರ್ಕಾರಿ ಶುಲ್ಕ. ಅಂಕಲ್ ಮಾತ್ರ ಪಟ್ಟಿಯ ಮೊದಲನೇ ಸ್ಥಾನದಲ್ಲಿ ಮನೆ ಹತ್ತಿರದ ಒಂದು ಖಾಸಗಿ ಕಾಲೇಜು ಬರೆಸಿದ್ರು. ಯಾಕೆ ಅಂಕಲ್ ಅಂದೆ.

‘ನೋಡಪ್ಪಾ, ದೊಡ್ಡ ಕಾಲೇಜು ಮೊದಲು ಹಾಕಿ ಅದು ಸಿಗ್ಲಿಲ್ಲ ಅಂದ್ರೆ? ಅಷ್ಟರಲ್ಲಿ ಇದನ್ನ ಬೇರೆಯವರು ಹೊಡ್ಕೊಂಡು ಹೋಗ್ತಾರೆ. ಇದನ್ನ ಮೊದಲು ಹಾಕಿದವರಿಗೆ ತಾನೇ ಮೊದಲು ಕೊಡೋದು?’

ಈ ಭಯ ಅವರೊಬ್ಬರದ್ದಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಮಕ್ಕಳು ತಮ್ಮ ರ್‍ಯಾಂಕಿಗೆ ದಕ್ಕಬಹುದಾಗಿದ್ದ ಸೀಟು ಬಿಟ್ಟಿರ್ತಾರೋ. ನಾನು ಹೇಳಿದ್ದಿಷ್ಟು: ‘ಅಂಕಲ್, ದರ್ಶಿನಿಯಲ್ಲಿ ಸಾಲಲ್ಲಿ ನಿಂತಿದ್ದೀರಿ. ನಿಮ್ಮ ಸರದಿ ಬಂತು. ಮಸಾಲೆ ದೋಸೆ ಇದ್ಯಾ ಅಂತೀರಿ. ಖಾಲಿ ಅಂತಾರೆ. ಸರಿ, ಸೆಟ್ ದೋಸೆ ಕೊಡಿ ಅಂತೀರಿ. ಮಸಾಲೆ ದೋಸೆ ಕೇಳಿದ್ದಕ್ಕೆ ನಿಮ್ಮನ್ನ ಸಾಲಿನ ಹಿಂದಕ್ಕೆ ಕಳಿಸ್ತಾರಾ?’

ಕೆಇಎ ಕಂಪ್ಯೂಟರ್ ಮಾಡೋದೂ ಅಷ್ಟೇ. ರ್‍ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನ ಮೇಲಿಂದ ಕೆಳಗೆ ಓದುತ್ತೆ, ಖಾಲಿ ಇರೋ ಮೊದಲ ಸೀಟು ಕೊಡುತ್ತೆ. ಆ ಕಾಲೇಜನ್ನ ಬೇರೆಯವರು ಮೊದಲನೆಯದಾಗಿ ಬರೆದಿದ್ರೂ, ಅವರ ರ್‍ಯಾಂಕ್ ನಿಮ್ಮ ಹಿಂದಿದ್ರೆ ಅವರ ಸರದಿ ನಿಮ್ಮ ನಂತರವೇ. ಆದ್ರೆ ಹತ್ತಿರದ ಕಾಲೇಜನ್ನ ನೀವೇ ಮೇಲೆ ಬರೆದು, ಅದು ಸಿಕ್ಕಿತು ಅಂದ್ರೆ, ಕಂಪ್ಯೂಟರ್ ಕೆಳಗಿರೋ ಯುವಿಸಿಇಯನ್ನ ಓದೋದೇ ಇಲ್ಲ. ಅದರಲ್ಲಿ ಸೀಟು ಖಾಲಿ ಇದ್ರೂ ಓದಲ್ಲ. ‘ಸೇಫ್’ ಅಂತ ಮಾಡಿದ ಕೆಲಸದಿಂದಲೇ ನಷ್ಟ ಆಗೋದು ಇಲ್ಲಿ. ಹಾಗಾಗಿ ಮನಸ್ಸಿಗೆ ಯಾವುದು ಮೊದಲೋ ಅದನ್ನೇ ಮೊದಲು ಬರೀರಿ. ಸೇಫ್ ಕಾಲೇಜು ಪಟ್ಟಿಯಲ್ಲಿ ಇರಲೇಬೇಕು, ಆದ್ರೆ ಅದರ ಜಾಗ ಕೆಳಗೆ.

ಅಂಕಲ್ ಪೂರ್ತಿ ನಂಬಲಿಲ್ಲ. ಅಣಕು ಸೀಟು ಹಂಚಿಕೆ ಬಂದಾಗ ಹತ್ತಿರದ ಕಾಲೇಜೇ ತೋರಿಸ್ತು. ಆಗ ಮಗಳು ಹಟ ಹಿಡಿದು ಪಟ್ಟಿ ಬದಲಿಸಿದಳು. ಅಣಕು ಹಂಚಿಕೆ ಆದ ಮೇಲೂ ಬದಲಾವಣೆಗೆ ಅವಕಾಶ ಇರುತ್ತೆ, ಅದು ಇರೋದೇ ಅದಕ್ಕೆ. ಮೊದಲ ಸುತ್ತಿನಲ್ಲಿ ಯುವಿಸಿಇ ಸಿಗಲಿಲ್ಲ. ಅಪ್ಪ ಹೆದರಿದ ಹಾಗೆ ಹತ್ತಿರದ್ದು ಕೈತಪ್ಪಲೂ ಇಲ್ಲ. ಚಾಯ್ಸ್–2 ಕೊಟ್ಟಳು. ಎರಡನೇ ಸುತ್ತಿನಲ್ಲಿ ಯುವಿಸಿಇ ಎಲೆಕ್ಟ್ರಿಕಲ್ ಬಂತು, ಅವಳ ಪಟ್ಟಿಯಲ್ಲಿ ಎರಡನೆಯದು. ಈಗ ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಕಾಲೇಜಿಗೆ ಹೋಗ್ತಾಳೆ. ಅಂಕಲ್ ಈಗ ಬೀದಿಯವರಿಗೆಲ್ಲ ದೋಸೆ ಉದಾಹರಣೆ ತಮ್ಮದೇ ಅನ್ನೋ ಹಾಗೆ ಹೇಳ್ತಿದ್ದಾರೆ, ಇರಲಿ ಬಿಡಿ.

ಚಾಯ್ಸ್ ಬಗ್ಗೆ ಒಂದೆರಡು ಮಾತು. ಚಾಯ್ಸ್–1 ಅಂದ್ರೆ ಸಿಕ್ಕಿದ್ದು ಸಾಕು, ಶುಲ್ಕ ಕಟ್ಟಿ ಸೇರ್ತೀನಿ. ಚಾಯ್ಸ್–2, ಇದಿರಲಿ, ಇದಕ್ಕಿಂತ ಮೇಲಿನದು ಸಿಕ್ರೆ ನೋಡೋಣ. ಚಾಯ್ಸ್–3, ಇದು ಬೇಡ, ಮುಂದಿನ ಸುತ್ತಿಗೆ ಬರ್ತೀನಿ. ಚಾಯ್ಸ್–4, ನಾನು ಹೊರಟೆ. ಇದರಲ್ಲಿ 2ರ ಒಳಗೆ ಒಂದು ಗುಂಡಿ ಇದೆ. ಮೇಲಿನ ಆಪ್ಷನ್ ಸಿಕ್ಕಿದ ಕ್ಷಣ ಹಳೇ ಸೀಟು ತಾನಾಗೇ ರದ್ದಾಗುತ್ತೆ. ‘ಅಯ್ಯೋ, ಹಳೇದೇ ಚೆನ್ನಾಗಿತ್ತು’ ಅಂದ್ರೆ ಆಗಲ್ಲ. ಅದಕ್ಕೆ ಎರಡನೇ ಸುತ್ತಿಗೆ ಮುಂಚೆ, ಕೈಯಲ್ಲಿರೋ ಸೀಟಿಗಿಂತ ನಿಜಕ್ಕೂ ಹೆಚ್ಚು ಬೇಕಾದ್ದನ್ನ ಮಾತ್ರ ಮೇಲೆ ಉಳಿಸ್ಕೊಂಡು ಉಳಿದದ್ದನ್ನ ಅಳಿಸಿ. ಹಣ ಯಾವಾಗ ಕಟ್ಟಬೇಕು, ಎಷ್ಟು ಸುತ್ತು ಅನ್ನೋ ವಿವರ ವರ್ಷ ವರ್ಷ ಬದಲಾಗುತ್ತೆ. ಆ ವರ್ಷದ ಕೆಇಎ ಕೈಪಿಡಿಯನ್ನೇ ಓದಿ, ಪಕ್ಕದ ಮನೆಯವರ ಹಳೇ ಅನುಭವ ಬೇಡ.

ಇಷ್ಟೆಲ್ಲ ಪೈಪೋಟಿ ಅಂತೀವಿ, ಪ್ರತಿ ವರ್ಷ ರಾಜ್ಯದಲ್ಲಿ ಸಾವಿರಾರು ಎಂಜಿನಿಯರಿಂಗ್ ಸೀಟು ಖಾಲಿ ಉಳಿಯುತ್ತೆ. ಜನ ನುಗ್ತಿರೋದು ಕೆಲವೇ ಕಾಲೇಜಿನ ಕೆಲವೇ ಬ್ರಾಂಚಿಗೆ. ಖಾಲಿ ಉಳಿದಿದ್ದೆಲ್ಲ ಬೇಡಿಕೆ ಇಲ್ಲದ್ದೇ ಅಂತಲೂ ಅಲ್ಲ. 2024ರಲ್ಲಿ ಸೀಟ್ ಬ್ಲಾಕಿಂಗ್ ಹಗರಣ ಆಚೆ ಬಂತಲ್ಲ. ಬೇಡಿಕೆ ಇರೋ ಸೀಟನ್ನ ಒಳ್ಳೇ ರ್‍ಯಾಂಕಿನವರ ಹೆಸರಲ್ಲಿ ಕೊನೇ ಸುತ್ತಿನವರೆಗೆ ಹಿಡಿದಿಟ್ಟು, ಕೊನೆಗೆ ಸೇರದೆ ಬಿಡೋದು. ಆಮೇಲೆ ಆ ಸೀಟು ಕಾಲೇಜಿನ ಕೈಗೆ. ಕೆಇಎ ಮಲ್ಲೇಶ್ವರ ಪೊಲೀಸರಿಗೆ ದೂರು ಕೊಟ್ಟಿತು, ಬಂಧನಗಳೂ ಆದವು. ತನಿಖೆಯಲ್ಲಿ ಹೊರಬಂದ ಒಂದು ವಿಷಯ ನಿಮಗೂ ಸಂಬಂಧಪಟ್ಟಿದ್ದು. ವಿದ್ಯಾರ್ಥಿಗಳ ಲಾಗಿನ್ ಮಾಹಿತಿ ಬೇರೆಯವರ ಕೈ ಸೇರಿತ್ತು. ಸೈಬರ್ ಸೆಂಟರ್‌ನಲ್ಲಿ ಆಪ್ಷನ್ ತುಂಬಿಸೋದು ತಪ್ಪಲ್ಲ, ಎಷ್ಟೋ ಮನೆಯಲ್ಲಿ ಲ್ಯಾಪ್‌ಟಾಪ್ ಇರಲ್ಲ. ಆದ್ರೆ ಪಾಸ್‌ವರ್ಡ್ ಚೀಟಿ ಅಲ್ಲೇ ಬಿಟ್ಟು ಬರಬೇಡಿ. ಒಟಿಪಿ ಫೋನಲ್ಲಿ ಕೇಳಿದ್ರೆ ಹೇಳಬೇಡಿ. ಎಂಟ್ರಿ ಮುಗಿದ ಮೇಲೆ ಪಟ್ಟಿಯ ಪ್ರಿಂಟ್ ತಗೊಂಡು, ಮನೆಗೆ ಬಂದು ಇನ್ನೊಮ್ಮೆ ಓದಿ. ಕಾಲೇಜಿನ ಕೋಡ್‌ನಲ್ಲಿ ಒಂದಂಕಿ ತಪ್ಪಿದ್ರೆ ಬೇರೆ ಊರೇ ಬರಬಹುದು.

ಮುಂದಿನ ವಾರ ಕಾಮೆಡ್‌–ಕೆ ಬಗ್ಗೆ ಮಾತಾಡೋಣ, ಅಲ್ಲಿಯ ಶುಲ್ಕದ ಲೆಕ್ಕ ಬೇರೆಯೇ ಇದೆ. ಪ್ರಶ್ನೆ ಕಳಿಸೋರು ರ್‍ಯಾಂಕ್ ಜೊತೆ ನಿಮ್ಮ ವರ್ಗ, ಬೇಕಾದ ಬ್ರಾಂಚ್ ಎರಡನ್ನೂ ಬರೀರಿ. ಬರೀ ರ್‍ಯಾಂಕ್ ಹೇಳಿ ‘ಯಾವ ಕಾಲೇಜು ಸಿಗುತ್ತೆ ಅಣ್ಣಾ’ ಅಂದ್ರೆ ನಾನೇನು ಹೇಳ್ಲಿ!